ಮೊಣಕಾಲಿಗೆ ಸಿಗಬೇಕಾದ ಕೆಂಪು ಗುಂಡಿ

ನಮ್ಮ ಅನೇಕ ಮರಗೆಲಸದ ಶೆಡ್ಡುಗಳಲ್ಲಿರುವ ಟೇಬಲ್ ಗರಗಸ ಅಂಗಡಿಯಿಂದ ಹಾಗೇ ಬಂದದ್ದಲ್ಲ. ಕೈಯಲ್ಲಿ ಹಿಡಿದು ಕೊಯ್ಯುವ ಕಟಿಂಗ್ ಮೆಷಿನ್ನನ್ನೇ ತಲೆಕೆಳಗು ಮಾಡಿ ದಪ್ಪ ಪ್ಲೈವುಡ್ಡಿನ ಅಡಿಗೆ ಬೋಲ್ಟ್ ಹಾಕಿ ಬಿಗಿದು, ಸೀಳಿದ ಕಂಡಿಯಿಂದ ಬ್ಲೇಡು ಮೇಲೆ ಬರುವಂತೆ ಮಾಡಿದ್ದು. ಮೆಷಿನ್ನಿನ ಸ್ವಿಚ್ಚನ್ನು ಒತ್ತಿ ಲಾಕ್ ಮಾಡಿಬಿಟ್ಟಿರುತ್ತಾರೆ. ಆನ್ ಆಫ್ ಎಲ್ಲ ಗೋಡೆಯ ಬೋರ್ಡಿನಲ್ಲಿ. ಜಾಣತನದ ಕೆಲಸವೇ, ದುಡ್ಡೂ ಉಳಿಯಿತು. ಆದರೆ ಗೋಡೆ ಎರಡು ಮಾರು ದೂರ.

ಹಲಗೆ ತಳ್ಳುವವನ ಎರಡೂ ಕೈ ಹಲಗೆಯ ಮೇಲಿರಬೇಕು. ನಿಮಿಷಕ್ಕೆ 4000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲುಗಳು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಮರ ಬ್ಲೇಡಿಗೆ ಕಚ್ಚಿಕೊಂಡು ಅದುರತೊಡಗಿದಾಗ ಕೈ ಬಿಟ್ಟರೆ ಹಲಗೆ ಹಿಂದಕ್ಕೆ ಚಿಮ್ಮಿ ಹೊಟ್ಟೆಗೆ ಬಡಿದೀತು. ಅಂಥ ಹೊತ್ತಿನಲ್ಲಿ ಬಿಡುವಾಗಿರುವುದು ಕಾಲು ಮಾತ್ರ. ಆದ್ದರಿಂದಲೇ ಒಳ್ಳೆಯ ಗರಗಸಗಳಲ್ಲಿ ಮೇಜಿನ ಮುಂಭಾಗದಲ್ಲಿ, ತೊಡೆಗೋ ಮೊಣಕಾಲಿಗೋ ಸಿಗುವ ಎತ್ತರದಲ್ಲಿ, ಅಗಲವಾದ ಕೆಂಪು ಪಟ್ಟಿ ಇರುತ್ತದೆ. ನೋಡದೆ ತಳ್ಳಿದರೂ ಆಫ್. ನಮ್ಮ ಪ್ಲೈವುಡ್ ಮೇಜಿಗೂ ಇದನ್ನು ಸೇರಿಸಬಹುದು.

ಆದರೆ ಗೋಡೆಯ ಸ್ವಿಚ್ಚನ್ನೇ ತಂದು ಮೇಜಿಗೆ ಹೊಡೆದರೆ ಅರ್ಧ ಕೆಲಸವಷ್ಟೇ ಆಯಿತು. ಕರೆಂಟ್ ಹೋಯಿತು, ಬ್ಲೇಡು ನಿಂತಿತು, ಸ್ವಿಚ್ ಆರಿಸಲು ಯಾರಿಗೂ ನೆನಪಾಗಲಿಲ್ಲ. ಬ್ಲೇಡಿನ ಪಕ್ಕದ ಹೊಟ್ಟು ಗೋರುತ್ತಿರುವಾಗ ಕರೆಂಟ್ ಬಂದರೆ?

ಇದಕ್ಕೆ ಪರಿಹಾರ ನಮ್ಮ ಹೊಲಗದ್ದೆಗಳಲ್ಲಿ ಮೊದಲಿನಿಂದಲೂ ಇದೆ: ಪಂಪ್‌ಸೆಟ್ಟಿನ ಸ್ಟಾರ್ಟರ್. ಹಸಿರು ಗುಂಡಿ ಒತ್ತಿದಾಗ ಒಳಗಿನ ಕಾಯಿಲ್‌ಗೆ ಕರೆಂಟ್ ಹರಿದು ಅದು ವಿದ್ಯುತ್ಕಾಂತವಾಗುತ್ತದೆ, ಸ್ಪ್ರಿಂಗಿನ ವಿರುದ್ಧ ಕಾಂಟ್ಯಾಕ್ಟುಗಳನ್ನು ಎಳೆದು ಕೂಡಿಸುತ್ತದೆ. ಬೆರಳು ತೆಗೆದ ಮೇಲೂ ಕಾಯಿಲ್ ತಾನೇ ಕೂಡಿಸಿದ ಕಾಂಟ್ಯಾಕ್ಟಿನ ಮೂಲಕ ಕರೆಂಟ್ ಪಡೆಯುತ್ತಿರುತ್ತದೆ. ಸಪ್ಲೈ ತಪ್ಪಿದೊಡನೆ ಕಾಂತಶಕ್ತಿ ಹೋಗಿ ಸ್ಪ್ರಿಂಗ್ ಗೆಲ್ಲುತ್ತದೆ. ಕರೆಂಟ್ ಮರಳಿದರೂ ಹಸಿರು ಗುಂಡಿ ಮತ್ತೆ ಒತ್ತುವ ತನಕ ಮೋಟರ್ ಅಲುಗದು. ರಾತ್ರಿ ತೋಟಕ್ಕೆ ಹೋಗಿ ಗುಂಡಿ ಒತ್ತುವ ರೈತನಿಗೆ ಇದೇ ದೊಡ್ಡ ರಗಳೆ, ಹಾಗಾಗಿ ‘ಆಟೋ’ ಹಾಕಿಸಿಕೊಳ್ಳುತ್ತಾನೆ. ಗರಗಸಕ್ಕೆ ಆ ರಗಳೆಯೇ ಬೇಕು, ಆಟೋ ಹತ್ತಿರ ಸುಳಿಯಬಾರದು.

ಸಿಂಗಲ್ ಫೇಸ್ ಮೆಷಿನ್ನಿಗೆ ಇದೇ ತತ್ವದ ಪುಟ್ಟ ಸ್ವಿಚ್‌ಬಾಕ್ಸ್‌ಗಳು ಸಿಗುತ್ತವೆ. ಅದರ ಜೊತೆಗೆ ಹಳದಿ ಹಿನ್ನೆಲೆಯ ಮೇಲೆ ಅಣಬೆಯ ಟೋಪಿಯಂಥ ಕೆಂಪು ಗುಂಡಿ. ತಟ್ಟಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ, ತಿರುಗಿಸಿದರೆ ಬಿಡುತ್ತದೆ. ಬಿಟ್ಟ ಮಾತ್ರಕ್ಕೆ ಯಂತ್ರ ಹೊರಡುವಂತಿಲ್ಲ. ಇದರ ಕಾಂಟ್ಯಾಕ್ಟ್ ಸದಾ ಕೂಡಿಕೊಂಡಿದ್ದು, ತಟ್ಟಿದಾಗ ಬೇರೆಯಾಗುವ ಬಗೆಯದು. ಇಲಿ ವೈರ್ ಕಡಿದರೂ, ಸ್ಕ್ರೂ ಸಡಿಲಾಗಿ ವೈರ್ ಕಳಚಿದರೂ ಕಾಯಿಲ್‌ಗೆ ಕರೆಂಟ್ ತಪ್ಪಿ ಮೆಷಿನ್ ನಿಲ್ಲುತ್ತದೆ. ಒತ್ತಿದಾಗ ಕೂಡುವ ಕಾಲಿಂಗ್ ಬೆಲ್ ಗುಂಡಿಯನ್ನು ಇಲ್ಲಿ ಹಾಕಿದ್ದರೆ, ವೈರ್ ಕಡಿದಿದ್ದು ಗೊತ್ತಾಗುವುದು ಅಪಾಯದ ಗಳಿಗೆಯಲ್ಲೇ.

ಸ್ವಿಚ್ಚಿನ ಆಂಪಿಯರ್ ಲೆಕ್ಕ ಹಾಕುವಾಗ ಮೋಟರ್ ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆಂಬುದು ನೆನಪಿರಲಿ. ಫೇಸ್, ನ್ಯೂಟ್ರಲ್ ಎರಡೂ ಸ್ವಿಚ್ಚಿನಲ್ಲಿ ಕಡಿಯಬೇಕು. ಅರ್ತ್ ವೈರ್ ಮಾತ್ರ ಎಲ್ಲೂ ಕಡಿಯದೆ ನೇರ ಹೋಗಬೇಕು. ಎಲೆಕ್ಟ್ರಿಷಿಯನ್ನನ ಕೈಯಲ್ಲೇ ಮಾಡಿಸುವುದು ಲೇಸು.

ಗುಂಡಿ ಕರೆಂಟನ್ನು ತಡೆಯುತ್ತದೆ, ಬ್ಲೇಡನ್ನಲ್ಲ. ಬ್ರೇಕ್ ಇಲ್ಲದ ದೊಡ್ಡ ಗರಗಸ ಆಫ್ ಆದ ಮೇಲೂ ಎಷ್ಟೋ ಸೆಕೆಂಡು ತಿರುಗುತ್ತಲೇ ಇರುತ್ತದೆ. ಬೆರಳು ತಾಗಿದ್ದನ್ನು ವಿದ್ಯುತ್ ಸಂಕೇತದಿಂದ ಅರಿತು, ಅಲ್ಯೂಮಿನಿಯಂ ತುಂಡೊಂದನ್ನು ಹಲ್ಲುಗಳಿಗೆ ತೂರಿಸಿ, ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲಿಸುವ ಸಾಸ್ಟಾಪ್ ಎಂಬ ಗರಗಸವನ್ನು ಅಮೆರಿಕದ ಸ್ಟೀಫನ್ ಗ್ಯಾಸ್ ರೂಪಿಸಿದರು. ಅದರ ಬೆಲೆಗೂ ನಮ್ಮ ಪ್ಲೈವುಡ್ ಮೇಜಿಗೂ ತಾಳೆಯಾಗದು.

ಹೊಸ ಸ್ವಿಚ್ ಸರಿಯಿದೆಯೇ ಎಂದು ನೋಡಲು, ಮೇಜಿನ ಮೇಲೆ ಏನೂ ಇಲ್ಲದಿರುವಾಗ ಗರಗಸ ಓಡಿಸಿ, ಗೋಡೆಯ ಬೋರ್ಡಿನಲ್ಲಿ ಆರಿಸಿ. ಬ್ಲೇಡು ಪೂರ್ತಿ ನಿಂತ ಮೇಲೆ, ಪಕ್ಕಕ್ಕೆ ಸರಿದು, ಮತ್ತೆ ಹಾಕಿ. ಗರಗಸ ಸುಮ್ಮನಿರಬೇಕು. ತಾನಾಗಿ ಹೊರಟಿತೋ, ವೈರಿಂಗ್ ಬಿಚ್ಚಿಸಿ.