ಬಿಸಿಲಿಗೆ ಕೆಟ್ಟ ಡಿಎನ್‌ಎಯನ್ನು ದೇಹವೇ ಪೂರ್ತಿ ರಿಪೇರಿ ಮಾಡಿಕೊಳ್ಳುತ್ತಾ?

ಅರ್ಧ ಸತ್ಯ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ದಿನವಿಡೀ ಬಿಸಿಲಲ್ಲಿ ಅಡಿಕೆ ಹರವುವವರ ಚರ್ಮವನ್ನೇ ನೋಡೋಣ. ಅತಿನೇರಳೆ ಕಿರಣ ತಗುಲಿದರೆ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ‘ಟಿ’ ಅಕ್ಷರಗಳು ಅಂಟಿಕೊಳ್ಳಬಹುದು. ಇಂಥ ಎಷ್ಟೋ ಅಂಟುಗಳನ್ನು ಜೀವಕೋಶ ಕತ್ತರಿಸಿ ತೆಗೆಯುತ್ತದೆ. ಉಳಿದುಹೋದ ಕಡೆ, ನಕಲು ತೆಗೆಯುವ ಮಾಮೂಲಿ ಕಿಣ್ವ ನಿಂತುಬಿಡುತ್ತದೆ. ಆಗ ಪಾಲಿಮರೇಸ್ ಈಟಾ ಎಂಬ ಕಿಣ್ವ ಬಂದು, ಎದುರಿಗೆ ಎರಡು ‘ಎ’ ಜೋಡಿಸಿ ದಾಟಿಸುತ್ತದೆ. ಇದು ರಿಪೇರಿಯಲ್ಲ, ಅಂಟು ಹಾಗೇ ಇರುತ್ತದೆ! ಹಾನಿಯಿಲ್ಲದ ಡಿಎನ್‌ಎ ಕೊಟ್ಟರೆ ಇದೇ ಕಿಣ್ವ ತಪ್ಪಿನ ಮೇಲೆ ತಪ್ಪು ಮಾಡುತ್ತದೆ.

ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದಿದ್ದರೆ ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಕಾಯಿಲೆಯ ಒಂದು ಬಗೆ ಬರುತ್ತದೆಂದು 1999ರಲ್ಲಿ ಗೊತ್ತಾಯಿತು. ಅಂಥವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಬಹಳ ಹೆಚ್ಚು. ಬಿಸಿಲು ಬೀಳುವ ಜಾಗದಲ್ಲೇ ಮಚ್ಚೆಗಳು ಹೆಚ್ಚುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ ಎನ್ನುತ್ತೇವೆ ನಾವು. ಅಡಿಕೆ ಹರವುವಾಗ ತುಂಬುತೋಳಿನ ಅಂಗಿ ಇರಲಿ, ತಲೆಗೆ ಹಾಳೆ ಟೊಪ್ಪಿಯಾದರೂ ಸರಿ.