ಕಟ್ಟುಕತೆಯ ಸರದಾರ ಮತ್ತು ಲವ್‌ಡೇಲ್‌ನ ಗೋಪುರ

1845ರಲ್ಲಿ ಲಂಡನ್ನಿನ ಹೆನ್ರಿ ಕೋಲ್ಬರ್ನ್ ಎಂಬ ಪ್ರಕಾಶಕ ಎರಡು ಸಂಪುಟಗಳ ಒಂದು ಪುಸ್ತಕ ಅಚ್ಚು ಹಾಕಿಸಿದ. ‘ಅಡ್ವೆಂಚರ್ಸ್ ಆಫ್ ಆ್ಯನ್ ಆಫೀಸರ್ ಇನ್ ದಿ ಸರ್ವಿಸ್ ಆಫ್ ರಂಜೀತ್ ಸಿಂಗ್’ ಎಂದು ಅದರ ಹೆಸರು. ಬೆಲ್ಲಾಸಿಸ್ ಎಂಬ ಪರದೇಶಿ ಸಿಪಾಯಿಯೊಬ್ಬ ಕೆಲಸ ಹುಡುಕಿಕೊಂಡು ಲಾಹೋರಿಗೆ ಬರುತ್ತಾನೆ, ಒಕ್ಕಣ್ಣಿನ ಮಹಾರಾಜ ರಣಜಿತ್ ಸಿಂಗನ ಮುಂದೆ ನಿಲ್ಲುತ್ತಾನೆ, ದರ್ಬಾರಿನ ಹೊಟ್ಟೆಕಿಚ್ಚು ಪಿತೂರಿಗಳ ನಡುವೆ ದಾರಿ ಮಾಡಿಕೊಂಡು ಕಾಂಗ್ಡಾ ಸೀಮೆಯ ಉಸ್ತುವಾರಿ ಗಿಟ್ಟಿಸುತ್ತಾನೆ. ಎಲ್ಲವನ್ನೂ ‘ನಾನು’ ಎಂದೇ ಹೇಳಿಕೊಂಡು ಹೋಗುತ್ತಾನೆ. ಓದುತ್ತಿದ್ದರೆ ಸೇನಾಧಿಕಾರಿಯೊಬ್ಬನ ನೆನಪಿನ ಪುಸ್ತಕವೆಂದೇ ಅನ್ನಿಸುತ್ತದೆ. ಆದರೆ ಬೆಲ್ಲಾಸಿಸ್ ಎಂಬುವನು ಇರಲೇ ಇಲ್ಲ. ಅವನನ್ನು ಸೃಷ್ಟಿಸಿದವನು ಬಂಗಾಳ ಫಿರಂಗಿ ದಳದ ಮೇಜರ್ ಹೆನ್ರಿ ಲಾರೆನ್ಸ್.

ಊಟಿಗೆ ಸ್ವಲ್ಪ ಮುಂಚೆ, ಗುಡ್ಡದ ರೈಲು ಕೇತ್ತಿ ಕಣಿವೆಯನ್ನು ಬಿಟ್ಟು ಮೇಲೇರಿದಾಗ ಸಿಗುವ ಲವ್‌ಡೇಲ್‌ನಲ್ಲಿ ಇರುವುದು ಈತನ ಹೆಸರಿನ ಶಾಲೆಯೇ. ರಾಬರ್ಟ್ ಚಿಶೋಮ್ ವಿನ್ಯಾಸ ಮಾಡಿದ ಆ ಕಟ್ಟಡದ ಎತ್ತರದ ಗೋಪುರವನ್ನು ನೋಡದೆ ಲವ್‌ಡೇಲ್ ದಾಟುವವರು ಕಡಿಮೆ. ಶಾಲೆಯ ಹೆಸರು ಎಲ್ಲರಿಗೂ ಗೊತ್ತು. ಲಾರೆನ್ಸ್ ಎಂದರೆ 1857ರಲ್ಲಿ ಲಖನೌ ರೆಸಿಡೆನ್ಸಿಯಲ್ಲಿ ಸತ್ತ ಸಾಹೇಬ ಎನ್ನುವಷ್ಟು ತಿಳಿದವರೂ ಸಿಗುತ್ತಾರೆ. ಆತನೊಬ್ಬ ಕತೆಗಾರನಾಗಿದ್ದ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ನನಗೆ ಇದು ಸಣ್ಣ ನಷ್ಟ ಅನ್ನಿಸುವುದಿಲ್ಲ. ಆ ಶಾಲೆ ಹುಟ್ಟಿದ ಬಗೆ ಅರ್ಥವಾಗಬೇಕಾದರೆ ಆ ಕತೆಯಿಂದಲೇ ಶುರುಮಾಡಬೇಕು.

ಲಾರೆನ್ಸ್ ಹುಟ್ಟಿದ್ದು 1806ರಲ್ಲಿ, ಸಿಂಹಳದ ಮಾತರದಲ್ಲಿ. ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಫಿರಂಗಿ ದಳ ಸೇರಿ, ಬರ್ಮಾ ಯುದ್ಧಕ್ಕೆ ಹೋಗಿ, ಕಾಯಿಲೆ ಬಿದ್ದು, ಮುಂದೆ ವರ್ಷಗಟ್ಟಲೆ ಉತ್ತರ ಹಿಂದೂಸ್ಥಾನದ ಹೊಲಗದ್ದೆಗಳನ್ನು ಅಳೆಯುವ ಕಂದಾಯ ಮೋಜಣಿಯಲ್ಲಿ ಕಳೆದ. 1839ರಲ್ಲಿ ಸಟ್ಲೆಜ್ ನದಿಯ ದಂಡೆಯ ಫಿರೋಜಪುರಕ್ಕೆ ಬಂದ. ನದಿಯ ಈಚೆ ಕಂಪನಿ, ಆಚೆ ಸಿಖ್ಖರ ರಾಜ್ಯ. ಅದೇ ವರ್ಷದ ಜೂನ್ 27ರಂದು ರಣಜಿತ್ ಸಿಂಗ್ ತೀರಿಕೊಂಡ. ಆಮೇಲೆ ಲಾಹೋರಿನಲ್ಲಿ ನಡೆದದ್ದು ಒಳಜಗಳದ ಯುದ್ಧ. ಮಗ ಖರಕ್ ಸಿಂಗನನ್ನು ಮೂಲೆಗೆ ತಳ್ಳಿದರು. ಖರಕ್ ಸಿಂಗನ ಚಿತೆಗೆ ಬೆಂಕಿ ಇಟ್ಟು ಮರಳುತ್ತಿದ್ದ ಅವನ ಮಗ ನೌನಿಹಾಲ್ ಸಿಂಗನ ಮೇಲೆ ಕೋಟೆಬಾಗಿಲಿನ ಕಲ್ಲು ಕುಸಿಯಿತು. 1841ರ ಜನವರಿಯಲ್ಲಿ ರಣಜಿತ್ ಸಿಂಗನ ಇನ್ನೊಬ್ಬ ಮಗ ಶೇರ್ ಸಿಂಗ್ ಸೈನ್ಯ ಕಟ್ಟಿಕೊಂಡು ಬಂದು, ಖರಕ್ ಸಿಂಗನ ರಾಣಿ ಚಾಂದ್ ಕೌರಳ ಕಡೆಯವರು ಹಿಡಿದಿದ್ದ ಲಾಹೋರ್ ಕೋಟೆಗೆ ಮುತ್ತಿಗೆ ಹಾಕಿದ. 1843ರಲ್ಲಿ ಅವನನ್ನೂ, ಅದೇ ದಿನ ಮಂತ್ರಿ ಧ್ಯಾನ್ ಸಿಂಗನನ್ನೂ ಕೊಂದರು. ನದಿ ದಾಟಿ ಬರುತ್ತಿದ್ದ ಇಂಥ ಸುದ್ದಿಗಳ ನಡುವೆ ಕೂತು ಲಾರೆನ್ಸ್ ಬೆಲ್ಲಾಸಿಸ್‌ನ ಕತೆ ಬರೆಯತೊಡಗಿದ. ಅದು ಮೊದಲು ‘ದೆಹಲಿ ಗೆಜೆಟ್’ ಪತ್ರಿಕೆಯಲ್ಲಿ ಬಂತು. ಪುಸ್ತಕವಾಗಿ ಲಂಡನ್ನಿನಲ್ಲಿ ಹೊರಬೀಳುವ ಹೊತ್ತಿಗೆ ಆತ ನೇಪಾಳದಲ್ಲಿ ರೆಸಿಡೆಂಟ್ ಆಗಿದ್ದ.

ಕತೆಯ ಕೆಳಗೆ ಅಡಿಟಿಪ್ಪಣಿಗಳನ್ನು ಜೋಡಿಸಿದ್ದರಿಂದ ನಿಜ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಬೆಲ್ಲಾಸಿಸ್‌ನಂಥವರು ಲಾಹೋರಿನಲ್ಲಿ ನಿಜಕ್ಕೂ ಇದ್ದರು. ನೆಪೋಲಿಯನ್ನನ ಸೈನ್ಯದಲ್ಲಿದ್ದ ಅಲ್ಲಾರ್ 1822ರಲ್ಲಿ ಬಂದು ರಣಜಿತ್ ಸಿಂಗನಿಗೆ ಯುರೋಪಿನ ಕವಾಯತಿನ ಕುದುರೆ ದಳ ಕಟ್ಟಿಕೊಟ್ಟ. ಜೊತೆಗೇ ಬಂದ ವೆಂಚುರಾ ಕಾಲಾಳು ಪಡೆಗಳನ್ನು ತಿದ್ದಿದ. ಅವಿಟಾಬಿಲೆ, ಕೋರ್ಟ್ ಆಮೇಲೆ ಬಂದರು. ಆದರೆ ಈ ಗುಂಪಿನಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವನು ಅಲೆಗ್ಸಾಂಡರ್ ಗಾರ್ಡ್ನರ್. ಬೆಲ್ಲಾಸಿಸ್ ಕಾಗದದ ಮೇಲೆ ಬದುಕಿದ್ದನ್ನು ಈತ ಮೈಮೇಲೆ ಬದುಕಿದ.

ಗಾರ್ಡ್ನರ್ ತಾನು ಅಮೆರಿಕದ ಸುಪೀರಿಯರ್ ಸರೋವರದ ದಂಡೆಯಲ್ಲಿ ಹುಟ್ಟಿದವನೆಂದು ಹೇಳಿಕೊಳ್ಳುತ್ತಿದ್ದ. ಮಧ್ಯ ಏಷ್ಯಾ ಸುತ್ತಿ ಅಫಘಾನಿಸ್ತಾನಕ್ಕೆ ಇಳಿದಾಗ ಅಲ್ಲಿ ಚಿಕ್ಕಪ್ಪ ಮತ್ತು ಅಣ್ಣನ ಮಗ ಕಾಬೂಲಿಗಾಗಿ ಬಡಿದಾಡುತ್ತಿದ್ದರು. 1823ರಲ್ಲಿ ಅಜೀಂ ಖಾನ್ ಸತ್ತ ಮೇಲೆ ಮಗ ಹಬೀಬುಲ್ಲಾ ಒಂದು ಕಡೆ, ಚಿಕ್ಕಪ್ಪ ದೋಸ್ತ್ ಮಹಮ್ಮದ್ ಇನ್ನೊಂದು ಕಡೆ. ಗಾರ್ಡ್ನರ್ ಹಬೀಬುಲ್ಲಾನ ಪಕ್ಷ ಸೇರಿದ. 180 ಮಂದಿ ಆಯ್ದ ಸವಾರರ ಮುಖಂಡನಾದ. ದಾರಿಗಳನ್ನು ಕಾಯುವುದು, ಶತ್ರುವಿನ ಸಾಮಾನು ಸರಂಜಾಮಿನ ಸಾಲನ್ನು ಹೊಡೆಯುವುದು, ಸೋತರೆ ರಾತ್ರೋರಾತ್ರಿ ಬೆಟ್ಟ ಹತ್ತುವುದು ಆ ಸವಾರರ ಯುದ್ಧ. ಹಾಗೆ ಹೊಡೆದ ಒಂದು ಸಾಲಿನಲ್ಲಿ ಸಿಕ್ಕ ಹೆಣ್ಣನ್ನೇ ಮದುವೆಯಾಗಿ ಪರ್ವಾನಿನ ಬಳಿಯ ಪುಟ್ಟ ಕೋಟೆಯಲ್ಲಿ ಸಂಸಾರ ಹೂಡಿದ. ಹಬೀಬುಲ್ಲಾ ಸೋತಾಗ ಆ ಕೋಟೆಗೆ ಮರಳಿದ ಗಾರ್ಡ್ನರ್‌ಗೆ ಕಂಡದ್ದು ಹೆಂಡತಿಯ ಮತ್ತು ಹಸುಗೂಸಿನ ಶವ. ಇದನ್ನು ಆತ ಹೇಳಿಕೊಂಡ ರೀತಿಯಲ್ಲಿ ಒಂದಿಷ್ಟೂ ಅಲಂಕಾರವಿಲ್ಲ.

ಲಾಹೋರಿಗೆ ಬಂದು ಫಿರಂಗಿ ದಳ ಸೇರಿದ ಮೇಲೂ ಒಳಜಗಳ ಅವನನ್ನು ಬಿಡಲಿಲ್ಲ. 1841ರ ಆ ಮುತ್ತಿಗೆಯಲ್ಲಿ ಡೋಗ್ರಾ ನಾಯಕ ಗುಲಾಬ್ ಸಿಂಗನ ಜೊತೆ ಕೋಟೆಯ ಒಳಗಿದ್ದ. ಬಾಗಿಲು ಒಡೆದು ನುಗ್ಗಿದವರ ಮೇಲೆ ಹತ್ತಿರದಿಂದ ಗುಂಡುಚೂರು ತುಂಬಿದ ಫಿರಂಗಿ ಹಾರಿಸಿದ್ದನ್ನು ಆತನೇ ವರ್ಣಿಸಿದ್ದಾನೆ. ಮುದಿತನದಲ್ಲಿ ಕಾಶ್ಮೀರದಲ್ಲಿದ್ದಾಗ ತೆಗೆದ ಅವನ ಚಿತ್ರವೊಂದಿದೆ. ಪೇಟದಿಂದ ಕಾಲಿನವರೆಗೆ ಸ್ಕಾಟ್ಲೆಂಡಿನ ಚೌಕುಳಿ ಬಟ್ಟೆ, ಕೈಯಲ್ಲಿ ಕತ್ತಿ. ಕುತ್ತಿಗೆಯ ಹಳೆಯ ಗಾಯದಿಂದಾಗಿ ನೀರು ಕುಡಿಯಬೇಕಾದರೆ ಇಕ್ಕಳದಿಂದ ಗಂಟಲನ್ನು ಅಮುಕಿ ಹಿಡಿಯಬೇಕಿತ್ತು. 1877ರಲ್ಲಿ ಸತ್ತ. ಅವನ ನೆನಪುಗಳನ್ನು ಹ್ಯೂ ಪಿಯರ್ಸ್ ಎಂಬ ಸೇನಾಧಿಕಾರಿ ಸಂಪಾದಿಸಿ 1898ರಲ್ಲಿ ಪ್ರಕಟಿಸಿದ. ಅಷ್ಟರಲ್ಲಿ ಎಷ್ಟೋ ಕೈತಪ್ಪಿತ್ತು. ಕಂಪನಿಯ ಅಧಿಕಾರಿ ಅಲೆಗ್ಸಾಂಡರ್ ಬರ್ನ್ಸ್‌ಗೆ ಓದಲು ಕೊಟ್ಟಿದ್ದ ಹಸ್ತಪ್ರತಿ, 1841ರಲ್ಲಿ ಕಾಬೂಲಿನ ಜನ ಬರ್ನ್ಸ್‌ನನ್ನು ಕೊಂದು ಮನೆ ಸುಟ್ಟಾಗ ಹೋಯಿತು. ಉಳಿದದ್ದರ ಮೇಲೂ ಜಗಳವೇ. 1929ರಲ್ಲಿ ಸಿ. ಗ್ರೇ ಎಂಬಾತ ಗಾರ್ಡ್ನರ್ ಸುಳ್ಳುಗಾರ, ಅಮೆರಿಕದವನೇ ಅಲ್ಲ ಎಂದು ಬರೆದು ಅವನ ಮಾನ ಕಳೆದ. 2017ರಲ್ಲಿ ಜಾನ್ ಕೇ ಮತ್ತೆ ಎಲ್ಲ ದಾಖಲೆ ತೆರೆದು ಅವನ ಪರ ನಿಂತ. ಹುಟ್ಟಿದ ಊರು, ತಾರೀಕುಗಳ ವಿಷಯದಲ್ಲಿ ಗಾರ್ಡ್ನರ್‌ನನ್ನು ನಂಬಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ಪುಟ್ಟ ಕೋಟೆಯ ವಿಷಯದಲ್ಲಿ ನಂಬುತ್ತೇನೆ.

ಲಾರೆನ್ಸ್‌ನ ಕತೆಯಾದರೋ ಅವನ ಬೆನ್ನ ಹಿಂದೆಯೇ ಬಂದು ನಿಜವಾಯಿತು. ಕಂಪನಿಯೊಡನೆ ಸಿಖ್ಖರ ಮೊದಲ ಯುದ್ಧ ಮುಗಿದು 1846ರಲ್ಲಿ ಒಪ್ಪಂದವಾಯಿತು. ಲಾರೆನ್ಸ್ ಲಾಹೋರಿಗೆ ಗವರ್ನರ್ ಜನರಲ್‌ನ ಏಜೆಂಟ್ ಆಗಿ ಹೋದ. ಒಪ್ಪಂದದಂತೆ ಕಂಪನಿಗೆ ಸೇರಬೇಕಿದ್ದ ಕಾಂಗ್ಡಾ ಕೋಟೆಯ ಕಿಲ್ಲೇದಾರ ಮಾತ್ರ ಬೀಗದ ಕೈ ಕೊಡಲು ಒಪ್ಪಲಿಲ್ಲ. ಆ ಮೇ ತಿಂಗಳಲ್ಲಿ ಲಾರೆನ್ಸ್ ತಾನೇ ಅಲ್ಲಿಗೆ ಹೊರಟ. ಬೆಟ್ಟದ ದಾರಿಯಲ್ಲಿ ಭಾರೀ ಫಿರಂಗಿ ಬರಲಾರದೆಂದು ಒಳಗಿದ್ದವರು ಧೈರ್ಯವಾಗಿದ್ದರು. ಆನೆಗಳು ಫಿರಂಗಿಗಳನ್ನು ಎಳೆದುಕೊಂಡು ಮೇಲೇರಿ ಬಂದದ್ದನ್ನು ಕಂಡ ಮೇಲೆ ಕೋಟೆ ಬಿಟ್ಟುಕೊಟ್ಟರು. ತನ್ನ ಕಥಾನಾಯಕನ ಕೈಗೆ ಯಾವ ಸೀಮೆಯನ್ನು ಕೊಟ್ಟಿದ್ದನೋ ಅದೇ ಸೀಮೆಯ ಬಾಗಿಲಲ್ಲಿ, ಪುಸ್ತಕ ಬಂದ ಮರುವರ್ಷವೇ, ಕತೆಗಾರ ನಿಂತಿದ್ದ. ಅದೇ ವರ್ಷದ ಕೊನೆಗೆ, ಕೆಲವೇ ತಿಂಗಳ ಹಿಂದೆ ಕಂಪನಿಯ ವಿರುದ್ಧ ಕಾದಿದ್ದ ಸಿಖ್ ಪಡೆಗಳನ್ನೇ ನಡೆಸಿಕೊಂಡು ಕಾಶ್ಮೀರದ ಕಡೆ ಹೋಗಿ, ಅಲ್ಲಿನ ಸುಬೇದಾರ ಇಮಾಮುದ್ದೀನನ ಬಂಡಾಯ ಅಡಗಿಸಿ ಆ ನಾಡನ್ನು ಗುಲಾಬ್ ಸಿಂಗನಿಗೆ ಬಿಡಿಸಿಕೊಟ್ಟ. ಲಾಹೋರಿನ ಸೈನ್ಯದ ಮುಂದೆ ಪರದೇಶಿ ಅಧಿಕಾರಿ! ಬೆಲ್ಲಾಸಿಸ್ ಇನ್ನೇನು ಮಾಡಿದ್ದ?

ಆ ಗುಲಾಬ್ ಸಿಂಗ್ ಕೊಟ್ಟ ದೊಡ್ಡ ದೇಣಿಗೆ ಸೇರಿ, ಸಿಮ್ಲಾ ದಾರಿಯ ಕಸೌಲಿ ಹತ್ತಿರದ ಸನಾವರದಲ್ಲಿ 1847ರಲ್ಲಿ ಮೊದಲ ಲಾರೆನ್ಸ್ ಶಾಲೆ ಶುರುವಾಯಿತು. ಬಯಲಿನ ದಂಡುಗಳ ಸೆಕೆಯಲ್ಲಿ, ಜ್ವರ ಭೇದಿಗಳಲ್ಲಿ, ಗೋರಾ ಸಿಪಾಯಿಗಳ ಮಕ್ಕಳು ಹುಳುಗಳಂತೆ ಸಾಯುತ್ತಿದ್ದರು. ಅವರನ್ನು ತಂಪು ಗುಡ್ಡಕ್ಕೆ ತಂದು ಬೆಳೆಸಬೇಕೆಂಬುದು ಲಾರೆನ್ಸ್ ಮತ್ತು ಅವನ ಹೆಂಡತಿ ಹೊನೋರಿಯಾಳ ಹಂಬಲ. ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳನ್ನೂ ಮೊದಲ ದಿನದಿಂದಲೇ ಸೇರಿಸಿಕೊಂಡರು.

ಹೊನೋರಿಯಾಳ ಬಗ್ಗೆ ಹೇಳದಿದ್ದರೆ ಇದು ಅರ್ಧ ಕತೆ. 1837ರಲ್ಲಿ ಕಲ್ಕತ್ತೆಯಲ್ಲಿ ಮದುವೆಯಾದ ಮೇಲೆ ಮೋಜಣಿ ಡೇರೆಗಳಲ್ಲೇ ಸಂಸಾರ ಮಾಡಿದಾಕೆ. ದಿನಚರಿ ಬರೆಯುತ್ತಿದ್ದಳು. ಲಾರೆನ್ಸ್‌ನ ಬರವಣಿಗೆ ಒರಟು. ಅದನ್ನು ಓದಿ, ತಿದ್ದಿ, ಸೇರಿಸಿ ಒಂದು ಹದಕ್ಕೆ ತರುತ್ತಿದ್ದವಳು ಆಕೆ. ‘ಕಲ್ಕತ್ತಾ ರಿವ್ಯೂ’ ಪತ್ರಿಕೆಗೆ ಗಂಡ ಕಳಿಸುತ್ತಿದ್ದ ಲೇಖನಗಳಿಗೆ ಆಕೆಯ ಕೈ ಸೇರಿರುತ್ತಿದ್ದದ್ದು ಆ ಕಾಲದ ಬಳಗಕ್ಕೆ ಗೊತ್ತಿತ್ತು. ಶಾಲೆಗಳಿಗೆ, ಪುಸ್ತಕಗಳಿಗೆ ಇರುವ ಹೆಸರು ಮಾತ್ರ ಗಂಡನೊಬ್ಬನದು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

1849ರಲ್ಲಿ ಕಂಪನಿ ಪಂಜಾಬನ್ನು ನುಂಗಿತು. ಲಾರೆನ್ಸ್‌ಗೆ ಅದು ಇಷ್ಟವಿರಲಿಲ್ಲ. ಆಡಳಿತ ಮಂಡಳಿಯಲ್ಲಿ ಅವನ ಜೊತೆ ಕೂತವನು ಸ್ವಂತ ತಮ್ಮ ಜಾನ್. ಹಳೆಯ ಜಹಗೀರುದಾರರನ್ನು ಏನು ಮಾಡಬೇಕೆಂಬುದರಲ್ಲಿ ಇಬ್ಬರಿಗೂ ಜಗಳ ಬಿತ್ತು. ಜಹಗೀರು ಕಿತ್ತು ರೈತನ ಕಂದಾಯ ಇಳಿಸಬೇಕೆಂದ ತಮ್ಮ. ನಿನ್ನೆಯವರೆಗೆ ರಾಜ್ಯ ಆಳಿದವರನ್ನು ಬೀದಿಗೆ ತಳ್ಳಬಾರದೆಂದ ಅಣ್ಣ. ಲಾಹೋರಿನ ಉಪ್ಪು ತಿಂದವನ ಮಾತನ್ನು ಎರಡು ಸಂಪುಟದುದ್ದಕ್ಕೂ ತನ್ನ ಬಾಯಲ್ಲಿ ಆಡಿದವನಿಗೆ ಆ ಸರದಾರರ ಮುಖ ನೋಡಿ ಕಠಿಣನಾಗಲು ಆಗಲಿಲ್ಲವೆಂದೇ ನನ್ನ ನಂಬಿಕೆ. ಗವರ್ನರ್ ಜನರಲ್ ಡಾಲ್‌ಹೌಸಿ ತಮ್ಮನ ಕಡೆಗೆ ವಾಲಿದ. 1853ರಲ್ಲಿ ಅಣ್ಣನನ್ನು ರಾಜಪುತಾನಕ್ಕೆ ಅಟ್ಟಿದರು. ಮರುವರ್ಷ ಜನವರಿಯಲ್ಲಿ ಅಬು ಬೆಟ್ಟದಲ್ಲಿ ಹೊನೋರಿಯಾ ತೀರಿಕೊಂಡಳು. ಅಲ್ಲೇ ಎರಡನೆಯ ಶಾಲೆ ಎದ್ದಿತು.

1857ರ ಜುಲೈ 2ರಂದು, ಸಿಪಾಯಿ ದಂಗೆಯ ಮುತ್ತಿಗೆಯಲ್ಲಿದ್ದ ಲಖನೌನಲ್ಲಿ ಫಿರಂಗಿ ಗುಂಡೊಂದು ಲಾರೆನ್ಸ್ ಮಲಗಿದ್ದ ಕೋಣೆಗೇ ಬಂದು ಬಿತ್ತು. 4ರಂದು ಪ್ರಾಣ ಹೋಯಿತು. ನಡುವಿನ ಆ ಎರಡು ದಿನದಲ್ಲಿ ಸುತ್ತಲಿನವರಿಗೆ ಹೇಳಿದ ಮಾತುಗಳಲ್ಲಿ ಶಾಲೆಯ ಮಕ್ಕಳನ್ನು ಸರ್ಕಾರ ಕೈಬಿಡಬಾರದೆಂಬುದೂ ಒಂದು. ಮರುವರ್ಷ, 1858ರಲ್ಲಿ, ನೀಲಗಿರಿಯ ಶಾಲೆ ಊಟಿಯಲ್ಲಿ ಬಾಗಿಲು ತೆರೆಯಿತು. ಲವ್‌ಡೇಲ್‌ನ ಗೋಪುರ ಎದ್ದದ್ದು ಆಮೇಲೆ. ಮದ್ರಾಸಿನ ಹಳೆಯ ಗಂಡುಮಕ್ಕಳ ಅನಾಥಾಲಯವೂ ಮುಂದೆ ಇದರೊಳಗೆ ಸೇರಿತು. ಆಂಡ್ರೂ ಬೆಲ್ ಎಂಬ ಪಾದ್ರಿ, ನಮ್ಮ ಕೂಲಿಮಠಗಳಂಥ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಕ್ರಮವನ್ನು ರೂಢಿಸಿ ಇಂಗ್ಲೆಂಡಿಗೆ ಒಯ್ದದ್ದು ಆ ಅನಾಥಾಲಯದಿಂದಲೇ. ಸುತ್ತಲಿನ ಬಡಗರ ಹಟ್ಟಿಗಳ ಮಕ್ಕಳಿಗೆ ಲವ್‌ಡೇಲ್‌ನ ಶಾಲೆ ಬಹುಕಾಲ ದೂರದಿಂದ ಕಾಣುವ ಗೋಪುರ ಮಾತ್ರವಾಗಿತ್ತು. 1949ರಲ್ಲಿ ಅದು ರಕ್ಷಣಾ ಇಲಾಖೆಯಿಂದ ಶಿಕ್ಷಣ ಇಲಾಖೆಗೆ ಬಂದು ಎಲ್ಲರ ಶಾಲೆಯಾಯಿತು.

ಗುಂಡ್ಲುಪೇಟೆ, ಮಸಿನಗುಡಿ ದಾರಿಯಲ್ಲಿ ಬೆಟ್ಟ ಹತ್ತುವ ನಮಗೆ ಲಾಹೋರಿನ ಒಳಜಗಳ ಹೊರಗಿನ ಕತೆಯೇನಲ್ಲ. ಈ ಬೆಟ್ಟಗಳು 1799ರವರೆಗೆ ಮೈಸೂರಿನವೇ. ಆ ಮೈಸೂರಿನಲ್ಲೂ ಇಂಥದೇ ಒಳಜಗಳ ನಡೆದಿತ್ತು. 1760ರ ಆಗಸ್ಟಿನಲ್ಲಿ ಶ್ರೀರಂಗಪಟ್ಟಣದಲ್ಲಿ ಖಂಡೇರಾವ್ ಎಂಬ ಅಧಿಕಾರಿ ತನ್ನನ್ನು ಬೆಳೆಸಿದ ಹೈದರ್ ಅಲಿಯ ಮೇಲೆಯೇ ತಿರುಗಿಬಿದ್ದ. ಹೈದರ್ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು, ಬೆರಳೆಣಿಕೆಯ ಸವಾರರೊಂದಿಗೆ ರಾತ್ರಿ ಕಾವೇರಿ ದಾಟಿ ಆನೇಕಲ್ ಕಡೆಗೆ, ಅಲ್ಲಿಂದ ಬೆಂಗಳೂರಿಗೆ ಓಡಿದ. ಹೈದರನ ಬಳಿ ಕೆಲಸ ಮಾಡಿದ ಪೋರ್ಚುಗೀಸ್ ಅಧಿಕಾರಿ ಪೆಯ್ಶೋಟೊ 1770ರವರೆಗಿನ ವೃತ್ತಾಂತ ಬರೆದಿಟ್ಟಿದ್ದಾನೆ. ತೆಲುಗು ನಿಘಂಟಿನ ಸಿ.ಪಿ. ಬ್ರೌನ್ ಅದನ್ನು ಇಂಗ್ಲಿಷಿಗೆ ತಂದ. ಹೈದರನ ಫಿರಂಗಿ ದಳ ನಡೆಸಿದ ಫ್ರೆಂಚ್ ಅಧಿಕಾರಿ ದ ಲಾ ತೂರ್‌ನ ಪುಸ್ತಕ 1783ರಲ್ಲಿ ಪ್ಯಾರಿಸ್ಸಿನಲ್ಲಿ ಬಂತು. ಪೆಯ್ಶೋಟೊ, ದ ಲಾ ತೂರ್, ಗಾರ್ಡ್ನರ್, ಇವರ ನಡುವೆ ಬೆಲ್ಲಾಸಿಸ್, ಈ ನಾಲ್ವರನ್ನೂ ಒಟ್ಟಿಗೆ ಇಟ್ಟು ಕನ್ನಡದಲ್ಲಿ ಓದುವಂತಾಗಬೇಕು. ಅಂಥ ಪುಸ್ತಕದ ಮೊದಲ ಪುಟದಲ್ಲಿ ಲಾರೆನ್ಸ್‌ನ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಹೊನೋರಿಯಾಳ ಹೆಸರೂ ಇರಬೇಕು.