ಎರಡು ಆಯಾಮವೋ, ಮೂರು ಆಯಾಮವೋ? ಗೇಮ್ ಉದ್ದಿಮೆಯಲ್ಲಿ ಬಂಡವಾಳದ ಲೆಕ್ಕಾಚಾರ

ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿದ ರಾಜ್ಯ ಕರ್ನಾಟಕ. 2024ರಲ್ಲಿ ಮುಂದಿನ ಐದು ವರ್ಷಗಳ ನೀತಿಯೂ ಪ್ರಕಟವಾಯಿತು. ನೀತಿ ಎಷ್ಟೇ ಅನುಕೂಲಕರವಾಗಿದ್ದರೂ, ಸ್ವಂತ ಗೇಮ್ ತಯಾರಿಸಹೊರಟ ಉದ್ದಿಮೆದಾರನು ಮೊದಲಿಗೇ ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ಗೇಮ್ ಎರಡು ಆಯಾಮದ್ದಾಗಿರಬೇಕೇ, ಮೂರು ಆಯಾಮದ್ದಾಗಿರಬೇಕೇ? ಇದನ್ನು ಅಂದಚೆಂದದ ಪ್ರಶ್ನೆಯೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಇದು ವೆಚ್ಚದ ಸ್ವರೂಪಕ್ಕೆ ಸಂಬಂಧಿಸಿದ ಪ್ರಶ್ನೆ. ಇಲ್ಲಿ ಎಡವಿದರೆ ಗೇಮ್ ಮುಗಿಯುವ ಮೊದಲೇ ಬಂಡವಾಳ ಮುಗಿಯುತ್ತದೆ.

ವೆಚ್ಚ ಹುಟ್ಟುವ ಬಗೆ

ಎರಡು ಆಯಾಮದ ಗೇಮಿನಲ್ಲಿ ಪಾತ್ರದ ಪ್ರತಿಯೊಂದು ಚಲನೆಯನ್ನೂ ಚಿತ್ರಗಳ ಸರಣಿಯಾಗಿ ಬರೆಯುವುದು ರೂಢಿಯ ಕ್ರಮ. ಒಂದು ಪಾತ್ರಕ್ಕೆ 20 ಚಲನೆಗಳು, ಪ್ರತಿ ಚಲನೆಗೆ 12 ಚಿತ್ರಗಳು ಎಂದಿಟ್ಟುಕೊಂಡರೆ ಒಟ್ಟು 240 ಚಿತ್ರಗಳಾಗುತ್ತವೆ. ಪಾತ್ರವು ಎಂಟು ದಿಕ್ಕುಗಳಿಗೆ ತಿರುಗಬೇಕೆಂದರೆ ಸಂಖ್ಯೆ 1,920ಕ್ಕೆ ಏರುತ್ತದೆ. ಎಡಬಲದ ಚಿತ್ರಗಳನ್ನು ಮಗುಚಿ ಒಂದಿಷ್ಟು ಉಳಿಸಬಹುದಾದರೂ, ಪಾತ್ರದ ಉಡುಪು ಬದಲಾದರೆ ಬಹುಪಾಲು ಕೆಲಸ ಮರುಕಳಿಸುತ್ತದೆ.

ಮೂರು ಆಯಾಮದ ಗೇಮಿನಲ್ಲಿ ಮೊದಲು ಪಾತ್ರದ ಮಾದರಿಯನ್ನು ನಿರ್ಮಿಸಿ, ಮೇಲ್ಮೈಗೆ ಬಣ್ಣ ತುಂಬಿ, ಒಳಗೆ ಅಸ್ಥಿಪಂಜರದಂತಹ ರಚನೆಯನ್ನು ಜೋಡಿಸಬೇಕು. ಬೆಳಕು, ಕ್ಯಾಮೆರಾದ ಚಲನೆ, ಸಾಧಾರಣ ಮೊಬೈಲುಗಳಲ್ಲಿಯೂ ಗೇಮ್ ತಡವರಿಸದೆ ಓಡುವಂತೆ ಮಾಡುವುದು, ಇವೆಲ್ಲ ಪ್ರತ್ಯೇಕ ಕೆಲಸಗಳು. ಆದರೆ ಒಮ್ಮೆ ಸಿದ್ಧವಾದ ಮಾದರಿಯನ್ನು ಯಾವ ದಿಕ್ಕಿನಿಂದಲಾದರೂ ತೋರಿಸಬಹುದು. ಒಂದು ಪಾತ್ರದ ನಡಿಗೆಯನ್ನು ಅದೇ ಮೈಕಟ್ಟಿನ ಇನ್ನೊಂದಕ್ಕೆ ಅಳವಡಿಸಬಹುದು.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಎರಡು ಆಯಾಮದಲ್ಲಿ ಬದಲಾಗುವ ವೆಚ್ಚ ಪ್ರಧಾನ; ಮೂರು ಆಯಾಮದಲ್ಲಿ ಸ್ಥಿರ ವೆಚ್ಚ ಪ್ರಧಾನ. ಚಿಕ್ಕ ಗೇಮಿಗೆ ಮೊದಲನೆಯದು ಹಗುರ. ಪಾತ್ರ, ಉಡುಪು, ದಿಕ್ಕುಗಳು ಹೆಚ್ಚಿದಂತೆಲ್ಲ ಎರಡನೆಯದು ಲಾಭಕರವಾಗುತ್ತದೆ.

ಅಗ್ಗವೆಂಬ ಭ್ರಮೆ

ಅಮೆರಿಕದ ಎರಿಕ್ ಬರೋನ್ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಏಕಾಂಗಿಯಾಗಿ ದುಡಿದು, ಎರಡು ಆಯಾಮದ 'ಸ್ಟಾರ್ಡ್ಯೂ ವ್ಯಾಲಿ'ಯನ್ನು 2016ರಲ್ಲಿ ಬಿಡುಗಡೆ ಮಾಡಿದರು. 2024ರ ಅಂತ್ಯದ ವೇಳೆಗೆ ಅದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಇದೊಂದನ್ನೇ ನೋಡಿ ಎರಡು ಆಯಾಮವೆಂದರೆ ಅಗ್ಗವೆಂದು ತೀರ್ಮಾನಿಸಬಾರದು. 2017ರಲ್ಲಿ ಬಂದ 'ಕಪ್‌ಹೆಡ್' ಕೂಡ ಎರಡು ಆಯಾಮದ್ದೇ. ಆದರೆ 1930ರ ದಶಕದ ವ್ಯಂಗ್ಯಚಲನಚಿತ್ರಗಳಂತೆ ಅದರ ಚಿತ್ರಗಳನ್ನು ಕೈಯಿಂದಲೇ ಬರೆಯಲಾಯಿತು. ತಂಡವನ್ನು ವಿಸ್ತರಿಸಲು ಕೆನಡಾದ ಮೋಲ್ಡನ್‌ಹವರ್ ಸಹೋದರರು ನೌಕರಿ ಬಿಟ್ಟು, ತಮ್ಮ ಮನೆಗಳ ಮೇಲೆ ಮತ್ತೆ ಸಾಲ ಎತ್ತಬೇಕಾಯಿತು. ಗೇಮ್ ಗೆದ್ದಿತು; ಗೆಲ್ಲದಿದ್ದರೆ ಆಗಬಹುದಾಗಿದ್ದುದನ್ನು ಊಹಿಸುವುದು ಕಷ್ಟವಲ್ಲ.

ಇವೆರಡರ ನಡುವೆ ಮತ್ತೊಂದು ಹಾದಿಯಿದೆ. ಫ್ರಾನ್ಸಿನ 'ಡೆಡ್ ಸೆಲ್ಸ್' ಗೇಮಿನ ತಯಾರಕರು ಪಾತ್ರಗಳನ್ನು ಮೂರು ಆಯಾಮದಲ್ಲಿ ರಚಿಸಿ, ಬಳಿಕ ಎರಡು ಆಯಾಮದ ಚಿತ್ರಗಳನ್ನಾಗಿ ಪರಿವರ್ತಿಸಿಕೊಂಡರು. ನೋಟ ಎರಡು ಆಯಾಮದ್ದು, ಮರುಬಳಕೆಯ ಅನುಕೂಲ ಮೂರು ಆಯಾಮದ್ದು.

ಸೇವೆಯೋ, ಸ್ವಂತ ಸರಕೋ?

ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ವಿದೇಶಿ ಗೇಮ್‌ಗಳಿಗೆ ಕಲಾಕೆಲಸ ಒದಗಿಸುತ್ತ ಬೆಳೆಯಿತು. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯ ಪಾಲಾಯಿತು. ಇಂತಹ ಸೇವಾ ವ್ಯವಹಾರದಲ್ಲಿ ಮೂರು ಆಯಾಮದ ಕೌಶಲಕ್ಕೆ ಬೇಡಿಕೆಯಿದ್ದು, ಮಾರಾಟದ ಅಪಾಯವನ್ನು ಗ್ರಾಹಕ ಸಂಸ್ಥೆಯೇ ಹೊರುತ್ತದೆ. ಸ್ವಂತ ಗೇಮಿನಲ್ಲಿ ಅಪಾಯವೆಲ್ಲ ತಯಾರಕನದೇ. ಆದ್ದರಿಂದ ಸೇವೆಗೆ ಸರಿಹೊಂದುವ ಆಯ್ಕೆ ಸ್ವಂತ ಸರಕಿಗೂ ಸರಿಹೊಂದುತ್ತದೆಂದು ಭಾವಿಸಲಾಗದು.

ತಂತ್ರಾಂಶದ ಖರ್ಚು ಇಂದು ನಿರ್ಣಾಯಕವಲ್ಲ. ಬ್ಲೆಂಡರ್ ಮತ್ತು ಗೋಡೋ ತಂತ್ರಾಂಶಗಳು ಉಚಿತ. ಅನ್‌ರಿಯಲ್ ಇಂಜಿನ್ ಬಳಸಿದರೂ ಗೇಮಿನ ಒಟ್ಟು ಆದಾಯ 10 ಲಕ್ಷ ಡಾಲರ್ ದಾಟಿದ ನಂತರವೇ ಶೇ. 5ರ ರಾಯಧನ ಅನ್ವಯವಾಗುತ್ತದೆ. ಖರ್ಚಿನ ಬಹುಭಾಗ ಸಂಬಳದ್ದು, ಎಂದರೆ ಸಮಯದ್ದು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ತಯಾರಿಕಾ ವೆಚ್ಚ ರೂ. 35 ಲಕ್ಷ, ಪ್ರತಿಯ ಬೆಲೆ ರೂ. 500 ಇರಲಿ. ಸ್ಟೀಮ್ ಮಳಿಗೆಯು ಆರಂಭಿಕ ಹಂತದಲ್ಲಿ ಪಡೆಯುವ ಶೇ. 30ರ ಪಾಲನ್ನು ಕಳೆದರೆ ಕೈಗೆ ಬರುವುದು ರೂ. 350. ತೆರಿಗೆ, ರಿಯಾಯಿತಿಗಳನ್ನು ಬದಿಗಿಟ್ಟರೂ ಅಸಲು ಮರಳಲು 10,000 ಪ್ರತಿಗಳು ಮಾರಾಟವಾಗಬೇಕು. ಆಯಾಮದ ಆಯ್ಕೆಯಿಂದ ವೆಚ್ಚ ಇಮ್ಮಡಿಯಾದರೆ 20,000 ಪ್ರತಿಗಳು ಬೇಕು. ಆ ಹೆಚ್ಚುವರಿ 10,000 ಕೊಳ್ಳುಗರು ಮೂರನೆಯ ಆಯಾಮಕ್ಕಾಗಿಯೇ ಬರುವರೇ ಎಂಬುದು ಉದ್ದಿಮೆದಾರನು ಕೇಳಿಕೊಳ್ಳಬೇಕಾದ ಪ್ರಶ್ನೆ.

ಲೆಕ್ಕಪತ್ರದಲ್ಲಿ ತೋರಿಸುವ ಬಗೆ

ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಾಗಿಯೇ ತೋರಿಸಬೇಕು. ತಾಂತ್ರಿಕ ಸಾಧ್ಯತೆ, ಭವಿಷ್ಯದ ಆದಾಯ, ಪೂರ್ಣಗೊಳಿಸಲು ಬೇಕಾದ ಸಂಪನ್ಮೂಲ ಮುಂತಾದ ಷರತ್ತುಗಳು ಸಿದ್ಧಪಟ್ಟ ನಂತರದ ಅಭಿವೃದ್ಧಿ ವೆಚ್ಚವನ್ನು ಮಾತ್ರ ಆಸ್ತಿಯಾಗಿ ಪರಿಗಣಿಸಬಹುದು. ಎರಡೂ ಆಯಾಮಗಳನ್ನು ಪ್ರಯೋಗಿಸಿ ನೋಡುವ ತಿಂಗಳುಗಳ ಸಂಬಳವನ್ನು ಆಸ್ತಿಯೆಂದು ತೋರಿಸಿ ಲಾಭವನ್ನು ಹಿಗ್ಗಿಸುವುದು ಸಲ್ಲದು. ಯಾರು ಯಾವ ಗೇಮಿಗೆ ಎಷ್ಟು ದಿನ ದುಡಿದರೆಂಬ ದಾಖಲೆ ಮೊದಲಿನಿಂದಲೂ ಇರಲಿ.

ಆಯ್ಕೆಗೆ ಮುನ್ನ ಪಾತ್ರಗಳು, ಚಲನೆಗಳು, ದಿಕ್ಕುಗಳು ಎಷ್ಟೆಂಬ ಪಟ್ಟಿಯನ್ನು ಸಿದ್ಧಪಡಿಸುವುದು, ಐದು ನಿಮಿಷ ಆಡಬಹುದಾದ ಮಾದರಿಯೊಂದನ್ನು ತಯಾರಿಸಿ ತಗುಲಿದ ದಿನಗಳನ್ನು ಬರೆದಿಡುವುದು, ಅದರ ಆಧಾರದ ಮೇಲೆ ಪೂರ್ಣ ಗೇಮಿನ ಅಂದಾಜು ಮಾಡುವುದು ಕ್ಷೇಮಕರ. ಆ ಅಂದಾಜು ಕೈಯಲ್ಲಿರುವ ಹಣವನ್ನು ಮೀರಿದರೆ ಗೇಮಿನ ಗಾತ್ರವನ್ನು ಕುಗ್ಗಿಸಬೇಕೇ ಹೊರತು ಮನೆಯನ್ನು ಅಡವಿಡಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಎರಡು ಆಯಾಮಕ್ಕೂ ಸಲ್ಲುತ್ತದೆ, ಮೂರು ಆಯಾಮಕ್ಕೂ ಸಲ್ಲುತ್ತದೆ.